ಹಳೆಯ ಮುದ್ರೆ

"ಹಳೇದು ಯಾರೋ ಕಲಿಯೋರು ಮಾಡಿದ್ದು. ಈಗ ಎಲ್ಲಾ ಹೊಸದಾಗಿ ಮಾಡಿಸ್ತಾ ಇದ್ದೀವಿ."

ಭಾವ ಆಡಿದ್ದು ಇಷ್ಟೇ ಮಾತು. ಕರಾರು ಮಾಡಿಕೊಳ್ಳಬೇಕಿದ್ದ ಆಸ್ಪತ್ರೆಯ ಐವರು ದೊಡ್ಡವರು ಉದ್ದ ಮೇಜಿನ ಆಚೆ ಕೂತಿದ್ದರು. ಭಾವ ಪರದೆಯ ಪಕ್ಕದಲ್ಲಿ ನಿಂತಿದ್ದರು. ಬಾಗಿಲ ಬಳಿ, ನೀರಿನ ಬಾಟಲಿಗಳ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಅವನಿದ್ದ. ‘ಕಲಿಯೋರು’ ಎಂದಾಗ ಭಾವ ಅವನತ್ತ ನೋಡಲಿಲ್ಲ. ನೋಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೋ ಏನೋ. ಅವನು ಎದ್ದುಹೋಗಿ ಐವರಿಗೂ ಒಂದೊಂದು ಬಾಟಲಿ ಕೊಟ್ಟು ಬಂದ.

ಭಾವ ಎಂದರೆ ಅಕ್ಕನ ಗಂಡ. ಐದು ವರ್ಷದ ಹಿಂದೆ, ಹಾಸಿಗೆ ಹಿಡಿದಿದ್ದ ಅಪ್ಪನಿಗೆ ಚುಚ್ಚುಮದ್ದು ಕೊಡಬೇಕಿದ್ದ ದಾದಿ ಮನೆ ಸಿಗದೆ ವಾಪಸು ಹೋದ ದಿನ, ಇಬ್ಬರೂ ಸೇರಿ ಈ ಕೆಲಸ ಶುರು ಮಾಡಿದ್ದರು. ಮನೆಯಲ್ಲೇ ಮಲಗಿರುವ ರೋಗಿಗೆ ಯಾವ ದಾದಿ, ಎಷ್ಟು ಹೊತ್ತಿಗೆ, ಯಾವ ಔಷಧ ಎಂದು ಫೋನಿನಲ್ಲೇ ತೋರಿಸುವ ಆ್ಯಪ್. ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಕೆಳಗಿನಿಂದ ಸದಾ ಏರಿ ಬರುವ ಬಿಸಿ. ಭಾವ ಊರೆಲ್ಲ ತಿರುಗಿ ರೋಗಿಗಳನ್ನೂ ದಾದಿಯರನ್ನೂ ಕೂಡಿಸಿದರು. ಒಳಗೆ ಬರುವವರು ಯಾರು, ಅವರನ್ನು ಬಿಡಬೇಕೋ ಬೇಡವೋ ಎಂದು ನೋಡುವ ಭಾಗವನ್ನು ಅವನು ಬರೆದ. ಅದಕ್ಕೇ ಆಫೀಸಿನಲ್ಲಿ ಅವನಿಗೆ ‘ಬೀಗ’ ಎಂದು ಅಡ್ಡಹೆಸರು. "ಒಂದೇ ಮನೇಲಿ ಭಾಮೈದನೂ ಆಗಿ ಬೀಗನೂ ಆದವನು ನೀನೊಬ್ಬನೇ ಕಣಯ್ಯ" ಎಂದು ಭಾವ ಬಂದವರ ಮುಂದೆಲ್ಲ ನಗಿಸುತ್ತಿದ್ದರು. ಐದು ವರ್ಷದಲ್ಲಿ ಒಬ್ಬನೇ ಒಬ್ಬ ಕಳ್ಳ ಆ ಬಾಗಿಲು ದಾಟಿರಲಿಲ್ಲ. ಕಲಿಯುವವನ ಕೆಲಸವಂತೆ!

ಮಾರನೆಯ ದಿನವೇ ಹೊಸ ಇಂಜಿನಿಯರಮ್ಮ ಬಂದಳು. ಅವನ ಮೇಜಿಗೇ ಬಂದಳು. ಭಾವ ಅವನನ್ನು ಒಳಗೆ ಕರೆದು, ಪೇಪರ್‌ವೇಟನ್ನು ಉರುಳಿಸುತ್ತ, "ಆಸ್ಪತ್ರೆಯವರ ಷರತ್ತು ಕಣಯ್ಯ. ಬೀಗದ ಕೆಲಸ ಹೊರಗಿನವರ ಕೈಲಿರ್ಬೇಕಂತೆ, ಮನೆಯವರ ಕೈಲಿ ಆಗಲ್ವಂತೆ. ನೀನು ಸ್ವಲ್ಪ ದಿನ ದಾದಿಯರಿಗೆ ಆ್ಯಪ್ ಹೇಳಿಕೊಡೋದು ನೋಡ್ಕೋ" ಎಂದರು. ಅವನು ಲ್ಯಾಪ್‌ಟಾಪು, ಗುರುತಿನ ಚೀಟಿ, ಕಪಾಟಿನ ಬೀಗದಕೈ ಮೂರನ್ನೂ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದ. ಕೆಳಗಿನ ಮೆಟ್ಟಿಲು ತಲುಪುವ ತನಕ ಕಿವಿ ಹಿಂದಕ್ಕೇ ಇತ್ತು. ಭಾವ ಕೂಗಲಿಲ್ಲ. ಸಂಜೆ ಅಕ್ಕ ಫೋನ್ ಮಾಡಿ ಅತ್ತಳು. ಅವಳ ಗಂಡ ಮಾಡಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವನು ನಾಲ್ಕು ದಿನ ಬೈದು ಮರೆಯುತ್ತಿದ್ದ. ಅಪ್ಪನ ಹೆಣಕ್ಕೆ ತನ್ನ ಜೊತೆ ಹೆಗಲು ಕೊಟ್ಟವರು ಹೀಗೆ ಮಾಡಿದರಲ್ಲ ಎಂಬುದು ಅವನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಷ್ಟಾದರೂ ಮನಸ್ಸಿನೊಳಗಿನ ಬೈಗುಳದಲ್ಲಿ ಕೂಡ ಬಹುವಚನ ತಪ್ಪಲಿಲ್ಲ. ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬಂತು.

ಉಪಾಯ ಹೊಳೆದದ್ದು ಒಂದು ವಾರದ ಮೇಲೆ, ಹಲ್ಲುಜ್ಜುತ್ತಿದ್ದಾಗ. ಬಾಯಲ್ಲಿ ನೊರೆ ತುಂಬಿಕೊಂಡೇ ಅವನು ನಕ್ಕ. ಲ್ಯಾಪ್‌ಟಾಪು ಕಸಿದುಕೊಂಡರು, ಚೀಟಿ ಕಸಿದುಕೊಂಡರು, ತಲೆಯೊಳಗಿರುವುದನ್ನು ಹೇಗೆ ಕಸಿಯುತ್ತಾರೆ?

ಅವನು ಕಟ್ಟಿದ ಬಾಗಿಲು ಕೆಲಸ ಮಾಡುತ್ತಿದ್ದ ರೀತಿ ಬಹಳ ಸರಳ. ದೊಡ್ಡ ಅಂಗಡಿಗೆ ಹೋದಾಗ ಬಾಗಿಲಲ್ಲಿ ಚೀಲ ಕೊಟ್ಟರೆ ಒಂದು ಬಿಲ್ಲೆ ಕೊಡುತ್ತಾರಲ್ಲ, ಹಾಗೆ. ಆ್ಯಪಿನಲ್ಲಿ ಒಮ್ಮೆ ಹೆಸರು, ಪಾಸ್‌ವರ್ಡು ಕೊಟ್ಟರೆ ಸರ್ವರು ಒಂದು ಟೋಕನ್ ಕೊಡುತ್ತದೆ. ಆಮೇಲೆ ಏನು ಕೇಳಬೇಕಾದರೂ ಫೋನು ಆ ಟೋಕನ್ ತೋರಿಸಿದರೆ ಸಾಕು. ಟೋಕನಿನಲ್ಲಿ ಇರುವುದು ಮೂರೇ ಸಂಗತಿ: ಬಂದವರ ನಂಬರು, ಎಷ್ಟು ದಿನ ನಡೆಯುತ್ತದೆ ಎಂಬ ಗಡುವು, ಕೆಳಗೊಂದು ಮುದ್ರೆ. ಆ ಮುದ್ರೆ ಒತ್ತಲು ಒಂದು ಗುಟ್ಟಿನ ಕೀಲಿ, ಅಂದರೆ ಅಕ್ಷರ ಅಂಕಿಗಳ ಒಂದು ಉದ್ದ ಸಾಲು, ಬೇಕು. ಮುದ್ರೆ ಸರಿಯಿದ್ದರೆ ಸರ್ವರು ಮುಖ ನೋಡುವುದಿಲ್ಲ. ನಂಬರು ಒಂದು ಎಂದಿದ್ದರೆ ಬಂದವರು ಭಾವ, ಎರಡು ಎಂದಿದ್ದರೆ ಅವನು. ಅವನ ಎರಡನೆಯ ನಂಬರನ್ನು ಈಗ ಅಳಿಸಿಹಾಕಿದ್ದರು. ಅದಕ್ಕೆ ಅವನೇನೂ ಅಳಲಿಲ್ಲ. ಅವನಿಗೆ ಬೇಕಿದ್ದದ್ದು ಒಂದನೆಯದು.

ಆ ಗುಟ್ಟಿನ ಕೀಲಿಯನ್ನು ಕೂಡಿಸಿದ್ದವನೂ ಅವನೇ. ಅಮ್ಮನ ತವರಿನ ಆರು ಜನರ ಅಡ್ಡಹೆಸರುಗಳು, ಹಿರಿಯರಿಂದ ಕಿರಿಯರವರೆಗೆ, ನಡುನಡುವೆ ಅವರವರ ಮನೆಯ ನಂಬರು. ಮೊದಲನೆಯದು ಗೊರಕೆ ಮಾವನದು. ಇಡೀ ಪ್ರಪಂಚದಲ್ಲಿ ಅದು ಇದ್ದದ್ದು ಎರಡೇ ಕಡೆ: ಸರ್ವರಿನ ಹೊಟ್ಟೆಯಲ್ಲಿ, ಅವನ ತಲೆಯಲ್ಲಿ.

ಪ್ರಶ್ನೆ ಒಂದೇ. ಇಂಜಿನಿಯರಮ್ಮ ಕೀಲಿ ಬದಲಾಯಿಸಿದ್ದಾಳೋ ಇಲ್ಲವೋ? ಬುದ್ಧಿಯಿರುವ ಯಾರಾದರೂ ಮೊದಲ ದಿನವೇ ಬದಲಾಯಿಸುತ್ತಾರೆ. ಅವನು ಊಹೆಯ ಮೇಲೆ ಕೆಲಸ ಮಾಡುವವನಲ್ಲ, ಕಣ್ಣಾರೆ ನೋಡಬೇಕು. ನೋಡಲು ದೂರ ಹೋಗಬೇಕಾಗಿಯೂ ಇರಲಿಲ್ಲ. ಅವನ ಜೊತೆಯಲ್ಲೇ ಇದ್ದ ಅಮ್ಮನಿಗೆ ಕಾಲಿನಲ್ಲಿ ಮಾಯದ ಹುಣ್ಣು. ಪಟ್ಟಿ ಬದಲಾಯಿಸಲು ದಿನವೂ ದಾದಿ ಬರುತ್ತಿದ್ದಳು. ಬೆಳಿಗ್ಗೆ ಒಂಬತ್ತಾದರೆ ಅಮ್ಮ ಕನ್ನಡಕ ಏರಿಸಿ, ತುಟಿ ಬಿಗಿಹಿಡಿದು, ತನ್ನ ಪುರಾತನ ಫೋನಿನಲ್ಲಿ ಆ್ಯಪ್ ತೆರೆದು ದಾದಿ ಎಲ್ಲಿಯವರೆಗೆ ಬಂದಳೆಂದು ನೋಡುವಳು.

"ಕೊಡಮ್ಮ ಇಲ್ಲಿ, ನಿನ್ನ ಫೋನ್ ಯಾಕೋ ನಿಧಾನ ಆಗಿದೆ, ನೋಡ್ತೀನಿ."

"ನೋಡೋದೇನಿದೆ? ಎಲ್ಲಾರದ್ದೂ ಹೊಸ ಬಣ್ಣ ಬಂದಿದೆಯಂತೆ, ನಂದು ಮಾತ್ರ ಹೊಸದು ಬೇಡ ಅಂತ ಹಟ ಹಿಡಿದು ಕೂತಿದೆ. ನನ್ನ ಹಾಗೇನೇ. ಅಳಿಯಂದ್ರು ಇರ್ಲಿ ಬಿಡಿ ಅತ್ತೆ ಅಂದ್ರು."

ಅಳಿಯಂದಿರ ಹೆಸರು ಬಂದೊಡನೆ ಅವನ ಕಿವಿ ಮುಚ್ಚಿಹೋಯಿತು. ಅಮ್ಮ ಆ ಫೋನನ್ನು ಬೈಯದ ದಿನವಾದರೂ ಯಾವುದಿತ್ತು? ಅವನು ಫೋನನ್ನು ತಿರುವಿ, ಒಳಹೊಕ್ಕು, ಟೋಕನನ್ನು ಹೊರಗೆಳೆದು ನೋಡಿದ. ಅವನದೇ ಅಕ್ಷರ, ಅವನದೇ ಮುದ್ರೆ. ಮೂರು ದಿನದ ಹಿಂದೆಯಷ್ಟೇ ಹೊಸದಾಗಿ ಕೊಟ್ಟ ಟೋಕನ್, ಗೊರಕೆ ಮಾವನಿಂದ ಮೊದಲಾಗುವ ಅದೇ ಹಳೆಯ ಕೀಲಿಯಿಂದ ಒತ್ತಿದ್ದು. ಇಂಜಿನಿಯರಮ್ಮ ಗೋಡೆಗೆ ಬಣ್ಣ ಹೊಡೆದು ಬೀಗವನ್ನು ಹಾಗೇ ಬಿಟ್ಟಿದ್ದಾಳೆ! ಅವನಿಗೆ ಖುಷಿಗಿಂತ ಹೆಚ್ಚಾಗಿ ಅವಮಾನವಾಯಿತು. ಇಂಥವಳಿಗಾಗಿ ತನ್ನನ್ನು ಮೆಟ್ಟಿಲಿಳಿಸಿದರೇ?

ಮರುದಿನ ಪರೀಕ್ಷೆ. ಅಪ್ಪನ ಹಳೆಯ ಫೋನೊಂದು ಕಪಾಟಿನಲ್ಲಿ ಬಿದ್ದಿತ್ತು, ಸಿಮ್ಮಿಲ್ಲದ್ದು, ಯಾರ ಲೆಕ್ಕದಲ್ಲೂ ಇಲ್ಲದ್ದು. ಅದರಲ್ಲಿ ನಂಬರು ಒಂದರ ಹೆಸರಿನ ಟೋಕನ್ ತಯಾರಿಸಿದ. ಒಂಬತ್ತು ಗಂಟೆಯನ್ನೇ ಆರಿಸಿಕೊಂಡ. ರೋಗಿಗಳೆಲ್ಲ ದಾದಿಯ ದಾರಿ ನೋಡುವ ಹೊತ್ತು, ಸಂತೆಯಂಥ ಗದ್ದಲ. ಅಮ್ಮನ ಫೋನು ದಿನವೂ ಇದೇ ಮನೆಯಿಂದ ಹೋಗುತ್ತದೆ, ಇನ್ನೊಂದು ಹೆಜ್ಜೆಗುರುತು ಬಿದ್ದರೆ ಯಾರು ಎಣಿಸುತ್ತಾರೆ? ದಾದಿಯರ ಪಟ್ಟಿ ಕೊಡು ಎಂದು ಕೇಳಿದ, ಅಷ್ಟೇ. ಸರ್ವರು ಮರುಮಾತಾಡದೆ ಕೊಟ್ಟಿತು. ಐದು ವರ್ಷ ಸಾಕಿದ ನಾಯಿ ಬಾಲವಾಡಿಸಿದಂತಾಯಿತು ಅವನಿಗೆ.

ಒಂಬತ್ತೂಕಾಲಿಗೆ, ಎಂದಿನಂತೆ, ಭಾವನ ಫೋನ್ ಬಂತು. ಅಮ್ಮನಿಗೆ. ಅವನು ಕೆಲಸ ಬಿಟ್ಟ ಮೇಲೂ ಈ ಉಪಚಾರ ಮಾತ್ರ ನಿಂತಿರಲಿಲ್ಲ. "ಹ್ಞೂಂ, ಎದ್ದಿದ್ದೀನಿ. ಇಲ್ಲ ಅಳಿಯಂದ್ರೇ, ನಾನು ಒಂದೇ ಸಲ ತೆಗೆದಿದ್ದು. ಬೆರಳು ತಾಗಿರ್ಬೇಕು ಬಿಡಿ" ಎಂದು ಅಮ್ಮ ನಗುತ್ತಿದ್ದಳು. ಅವನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡ. ಮಗನನ್ನು ಬೀದಿಗೆ ತಳ್ಳಿ ತಾಯಿಯ ಯೋಗಕ್ಷೇಮ ಕೇಳುವ ನಾಟಕ ಕೇಳಿಸಿಕೊಳ್ಳುವಷ್ಟು ತಾಳ್ಮೆ ಅವನಿಗಿರಲಿಲ್ಲ.

ಮಾಡಬೇಕಾದ್ದು ಏನೆಂದು ಅವನು ಬಹಳ ಮೊದಲೇ ತೀರ್ಮಾನಿಸಿದ್ದ. ಆಸ್ಪತ್ರೆಯವರು ಕಳಿಸಿದ್ದ ಕರಡು ಕರಾರಿನಲ್ಲಿ ಒಂದು ಸಾಲಿತ್ತು. ಯಾರೇ ಆಗಲಿ ಒಂದು ಗಂಟೆಯೊಳಗೆ ನೂರಕ್ಕಿಂತ ಹೆಚ್ಚು ರೋಗಿಗಳ ಕಡತ ತೆರೆದರೆ ಅವರ ಹೆಸರು ತಾನಾಗಿ ಆಸ್ಪತ್ರೆಯ ಶಿಸ್ತು ಸಮಿತಿಗೆ ಹೋಗಬೇಕು, ನಡುವೆ ಯಾರ ಕೈಯೂ ಇರಬಾರದು. ಸಹಿಗೆ ಮೊದಲೇ ಚಾಲೂ ಆಗಿದ್ದ ಆ ಎಚ್ಚರಿಕೆಯ ಏರ್ಪಾಟನ್ನು ಬರೆದುಕೊಟ್ಟವನೂ ಅವನೇ. ಆದ್ದರಿಂದ ಕದಿಯುವುದು, ಮಾರುವುದು, ಪತ್ರಿಕೆಗೆ ಕಳಿಸುವುದು ಇಂಥ ಕೊಳಕು ಕೆಲಸ ಯಾವುದೂ ಬೇಕಿರಲಿಲ್ಲ. ಭಾವನ ಟೋಕನ್ನು ಭಾವನ ಮನೆಯಿಂದಲೇ ಭಾನುವಾರ ಮಧ್ಯಾಹ್ನ ಇನ್ನೂರು ಕಡತಗಳನ್ನು ಒಂದೊಂದಾಗಿ ತೆರೆಯುತ್ತ ಹೋಗುತ್ತದೆ. ಗಡಿಯಾರ ನಾಲ್ಕು ಹೊಡೆಯುವುದರೊಳಗೆ ಸಮಿತಿಗೆ ಸುದ್ದಿ ಮುಟ್ಟುತ್ತದೆ. ಸೋಮವಾರ ಹನ್ನೊಂದಕ್ಕೆ ಸಹಿಯಾಗಬೇಕಿದ್ದ ಕರಾರು ಕಸದ ಬುಟ್ಟಿ ಸೇರುತ್ತದೆ. ರೋಗಿಗಳ ಗುಟ್ಟು ಇಣುಕಿ ನೋಡುವ ಮನುಷ್ಯ ಎಂಬ ಹೆಸರು ಭಾವನಿಗೆ ಜನ್ಮಪೂರ್ತಿ ಅಂಟಿಕೊಳ್ಳುತ್ತದೆ. ಯಾವ ರೋಗಿಯ ಕೂದಲೂ ಕೊಂಕುವುದಿಲ್ಲ. ಕಡತಗಳನ್ನು ಅವನು ಓದುವುದೂ ಇಲ್ಲ. ಆಮೇಲೆ ಒಂದು ದಿನ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಿಂದ ಕರೆ ಬರುತ್ತದೆ. "ನೀನೇ ಬಾರಯ್ಯ, ನಿನ್ನ ಬಿಟ್ರೆ ಯಾರೂ ಇಲ್ಲ." ಆ ಮಾತನ್ನು ಭಾವನ ದನಿಯಲ್ಲಿ ಕೇಳುವುದೊಂದೇ ಅವನ ಆಸೆ. ಮಿಕ್ಕದ್ದೆಲ್ಲ ಅದಕ್ಕಾಗಿ.

ಗುರುತು ಉಳಿಯುವ ಜಾಗಗಳನ್ನು ಒಂದೊಂದಾಗಿ ಯೋಚಿಸಿದ. ಬಂದುಹೋದವರ ವಿವರ ಬರೆದಿಡುವ ಲಾಗ್‌ನಲ್ಲಿ ನಂಬರು, ಹೊತ್ತು, ಯಾವ ಮನೆಯ ಇಂಟರ್ನೆಟ್ಟು, ಇಷ್ಟೇ ಇರುತ್ತದೆ. ಯಾವ ಕೀಲಿಯ ಮುದ್ರೆ ಎಂದು ಬರೆಯುವುದಿಲ್ಲ. ಇರುವುದೇ ಒಂದು ಕೀಲಿಯಾದಾಗ ಯಾವುದು ಎಂದು ಬರೆಯುವುದೇಕೆ ಎಂದು ಐದು ವರ್ಷದ ಹಿಂದೆ ಅವನೇ ಆ ಅಂಕಣವನ್ನು ಕೈಬಿಟ್ಟಿದ್ದ. ಮನೆಯ ಇಂಟರ್ನೆಟ್ಟು ಭಾವನದು, ಅಪ್ಪನ ಫೋನಿಗೆ ಅದರ ಪಾಸ್‌ವರ್ಡು ಮೊದಲಿನಿಂದಲೂ ಗೊತ್ತು. ಹೊತ್ತು ಮೂರು ಗಂಟೆ. ಭಾನುವಾರ ಊಟವಾದ ಮೇಲೆ ಭಾವ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕಂಪ್ಯೂಟರ್ ಮುಂದೆ ಕೂರುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಅದಕ್ಕಾಗಿ ಅಕ್ಕ ಎಷ್ಟು ಸಲ ಜಗಳವಾಡಿಲ್ಲ! ಬಾಗಿಲ ಹಿಂದೆ ಏನು ಮಾಡುತ್ತಿದ್ದರು ಎಂಬುದಕ್ಕೆ ಸಾಕ್ಷಿ ಯಾರೂ ಇರುವುದಿಲ್ಲ. ಅವನು ಮಾತ್ರ ಅದೇ ಹೊತ್ತಿಗೆ ಊಟದ ಮೇಜಿನಲ್ಲಿ, ಅಮ್ಮ ಅಕ್ಕ ಇಬ್ಬರ ಕಣ್ಣೆದುರಿಗೆ, ಕೈಯಲ್ಲಿ ಫೋನೂ ಇಲ್ಲದೆ ಕೂತಿರುತ್ತಾನೆ.

ಆದ್ದರಿಂದ ಅಕ್ಕ ಎಂಟನೆಯ ಸಲ ಊಟಕ್ಕೆ ಕರೆದಾಗ ಅವನು ಬರುತ್ತೇನೆ ಅಂದ. ಅವಳು ಫೋನಿನಲ್ಲೇ ಮೂಗೊರೆಸಿಕೊಂಡಳು. "ನನ್ನ ಪುಣ್ಯ ಕಣೋ. ನಿಮ್ಮಿಬ್ಬರ ನಡುವೆ ಸಿಕ್ಕಿ ನಾನು ಅರ್ಧ ಆಗಿಹೋಗಿದ್ದೀನಿ." ಅವನು ಎಷ್ಟು ಹೊತ್ತಿಗೆ ಬರಬೇಕು ಎಂದಷ್ಟೇ ಕೇಳಿದ.

ಭಾನುವಾರ ಹನ್ನೆರಡೂವರೆಗೆ ಅಮ್ಮನನ್ನು ಕೈಹಿಡಿದು ಅಕ್ಕನ ಮನೆಯ ಮೆಟ್ಟಿಲು ಹತ್ತಿಸಿದ. ಬಾಗಿಲ ಬಳಿ ಚಪ್ಪಲಿ ಗೂಡು. ಬಾಗಿ ಚಪ್ಪಲಿ ಬಿಡುವಾಗ ಅಪ್ಪನ ಫೋನನ್ನು ಗೂಡಿನ ಹಿಂದೆ, ಗೋಡೆಗೆ ಒರಗಿಸಿಟ್ಟ. ಮೂರು ಗಂಟೆಗೆ ಅದು ತಾನಾಗಿ ಎದ್ದು ಕೆಲಸ ಶುರು ಮಾಡುತ್ತದೆ. ಹೋಗುವಾಗ ಚಪ್ಪಲಿ ಹಾಕಿಕೊಳ್ಳಲು ಮತ್ತೆ ಬಾಗಿದರಾಯಿತು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂಬ ಯೋಚನೆ ಬಂತು. ಅಪ್ಪ ಇದ್ದಿದ್ದರೆ ಭಾವ ಆ ಮಾತು ಆಡುತ್ತಿದ್ದರೇ ಎಂದು ಅದರ ಬಾಯಿ ಮುಚ್ಚಿಸಿದ.

ಭಾವ ಬಾಗಿಲಿಗೆ ಬಂದು "ಬಾರಯ್ಯ" ಅಂದರು. ಸೊರಗಿದ್ದರು. ಊಟದುದ್ದಕ್ಕೂ ಇಬ್ಬರೂ ತಟ್ಟೆಯನ್ನೇ ನೋಡಿದರು. ಅಕ್ಕ ಒಬ್ಬಳೇ ನಾಲ್ಕು ಜನರ ಮಾತನ್ನೂ ಆಡಿದಳು. ಕೈತೊಳೆಯುವಾಗ ಭಾವ ಮೆಲ್ಲಗೆ, "ಸಂಜೆ ತನಕ ಇರು. ನಿನ್ನ ಹತ್ರ ಸ್ವಲ್ಪ ಮಾತಾಡೋದಿದೆ" ಎಂದರು. ಅವನು ತಲೆಯಾಡಿಸಿದ. ಮಾತಾಡುವುದಕ್ಕೆ ಒಂದೂವರೆ ತಿಂಗಳು ಬೇಕಾಯಿತೇ? ಸಂಜೆಯ ಹೊತ್ತಿಗೆ ಮಾತು ಬೇರೆಯದೇ ಇರುತ್ತದೆ, ನೋಡೋಣ.

ಆಮೇಲೆ ಭಾವ ಒಳಗಿನಿಂದ ಒಂದು ಪೆಟ್ಟಿಗೆ ತಂದು ಅಮ್ಮನ ಮುಂದಿಟ್ಟರು. ಹೊಸ ಫೋನು. ಅಮ್ಮ ಬೇಡ ಬೇಡ ಎನ್ನುತ್ತಲೇ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡಳು. ಭಾವ ಹಳೆಯ ಫೋನಿನ ಬೆನ್ನು ಬಿಚ್ಚಿ, ಬ್ಯಾಟರಿ ತೆಗೆದು, ಸಿಮ್ಮನ್ನು ಹೊಸದಕ್ಕೆ ಹಾಕಿದರು. "ಅತ್ತೆ, ನಾಳೆಯಿಂದ ಇದರಲ್ಲೇ ದಾದಿ ಬರ್ತಾಳೆ" ಎಂದು ನಕ್ಕು, ತಮ್ಮ ಫೋನನ್ನು ಮೇಜಿನ ಕೊನೆಯಲ್ಲಿ ಚಾರ್ಜಿಗೆ ಹಾಕಿ, ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹಳೆಯ ಫೋನು ಹೊಟ್ಟೆ ತೆರೆದುಕೊಂಡು ಉಪ್ಪಿನ ಡಬ್ಬಿಯ ಪಕ್ಕ ಬಿದ್ದಿತ್ತು, ಬ್ಯಾಟರಿ ಒಂದು ಕಡೆ, ಮುಚ್ಚಳ ಒಂದು ಕಡೆ. ಅವನಿಗೆ ಹೊಟ್ಟೆಕಿಚ್ಚಾಯಿತು. ತನ್ನ ತಾಯಿಗೆ ಫೋನು ಕೊಡಿಸುವ ಭಾಗ್ಯವನ್ನೂ ಈ ಮನುಷ್ಯನೇ ಕಸಿದುಕೊಂಡರು.

ಎರಡು ಐವತ್ತು. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಅಮ್ಮ ಹೊಸ ಫೋನಿನ ಮೇಲಿನ ಪ್ಲಾಸ್ಟಿಕ್ಕನ್ನು ಹರಿಯದಂತೆ ಬಿಡಿಸುತ್ತಿದ್ದಳು. ಅವನು ಎರಡೂ ಕೈಗಳನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡ. ಗಡಿಯಾರದ ಮುಳ್ಳು ಮೂರು ಮುಟ್ಟಿತು. ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ. ಇಷ್ಟೇ, ಶುರುವಾಯಿತು ಎಂದುಕೊಂಡು ಅವನು ಬಹಳ ದಿನದ ಮೇಲೆ ನೆಮ್ಮದಿಯಿಂದ ಉಸಿರು ಬಿಟ್ಟ.

ಟಿಣ್.

ಮೇಜಿನ ಕೊನೆಯಲ್ಲಿದ್ದ ಭಾವನ ಫೋನು. ಸೈಕಲ್ ಬೆಲ್ಲಿನಂಥ ಸಣ್ಣ ಸದ್ದು. ಮತ್ತೊಮ್ಮೆ, ಟಿಣ್. ಪರದೆಯ ಮೇಲೆ ಒಂದೇ ಪದ ಬಂದು ಬಂದು ಹೋಗುತ್ತಿತ್ತು: ಅತ್ತೆ. ಅತ್ತೆ. ಅತ್ತೆ.

"ಅಯ್ಯೋ, ಇದು ನನ್ನ ಗಂಟೆ ಕಣೋ!" ಅಮ್ಮ ಪ್ಲಾಸ್ಟಿಕ್ಕು ಬಿಟ್ಟು ತಲೆಯೆತ್ತಿದಳು. "ನೀನು ಕೆಲಸ ಬಿಟ್ಟ ವಾರವೇ ಎಲ್ಲಾರ ಫೋನಿಗೂ ಹೊಸ ಕೀಲಿ ಹಾಕಿದ್ರಂತೆ. ನನ್ನ ಹಳೇ ಫೋನ್ ಒಂದೇ ಅದನ್ನ ಒಪ್ಪಲಿಲ್ಲ. ಆ ಇಂಜಿನಿಯರಮ್ಮ ಬೇಡವೇ ಬೇಡ ಅಂದ್ರೂ ಅಳಿಯಂದ್ರು ನನಗೊಬ್ಬಳಿಗೋಸ್ಕರ ಹಳೇ ಕೀಲಿ ಉಳಿಸಿಕೊಂಡ್ರು. ಅದನ್ನ ಯಾರಾದ್ರೂ ಮುಟ್ಟಿದ್ರೆ ಅವರ ಫೋನಲ್ಲಿ ಅತ್ತೆ ಅಂತ ಗಂಟೆ ಹೊಡ್ಕೊಳುತ್ತೆ. ಮುಟ್ಟೋಳು ನಾನೊಬ್ಬಳೇ ಅಲ್ವಾ, ದಿನಾ ಬೆಳಿಗ್ಗೆ ನಾನು ಎದ್ದೆ ಅಂತ ಅವರಿಗೆ ಗೊತ್ತಾಗುತ್ತೆ." ಟಿಣ್, ಟಿಣ್, ಟಿಣ್. ಬಿಡುವಿಲ್ಲ. ಇನ್ನೂರರವರೆಗೆ ಅದು ನಿಲ್ಲುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಕೋಣೆಯ ಬಾಗಿಲು ತೆರೆಯಿತು. ಭಾವ ಮೊದಲು ಅಮ್ಮನ ಖಾಲಿ ಕೈಗಳನ್ನು ನೋಡಿದರು, ಆಮೇಲೆ ಉಪ್ಪಿನ ಡಬ್ಬಿಯ ಪಕ್ಕ ಬಿಚ್ಚಿ ಬಿದ್ದಿದ್ದ ಹಳೆಯ ಫೋನನ್ನು, ಅದರ ಬ್ಯಾಟರಿಯನ್ನು. ಕೊನೆಗೆ, ಒಂದೂವರೆ ತಿಂಗಳಲ್ಲಿ ಮೊದಲ ಸಲ, ಅವನ ಮುಖವನ್ನು ನೇರವಾಗಿ ನೋಡಿದರು. ಅವರ ಕಣ್ಣಲ್ಲಿ ಇದ್ದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೀರಿನ ಬಾಟಲಿ ಹಂಚಿದ ದಿನದಿಂದ ಕನ್ನಡಿಯಲ್ಲಿ ಅವನು ನೋಡುತ್ತಿದ್ದುದೂ ಅದನ್ನೇ. ಅಮ್ಮ ಒಮ್ಮೆ ಅಳಿಯನನ್ನೂ ಒಮ್ಮೆ ಮಗನನ್ನೂ ನೋಡಿ, ಗಾಬರಿಯಿಂದ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನಾನೇನೂ ಮುಟ್ಟಿಲ್ಲ ಕಣೋ," ಅಂದಳು ಅವನಿಗೆ. "ನೀನಾದ್ರೂ ಹೇಳೋ ಅವರಿಗೆ, ಇದು ನಾನಲ್ಲ ಅಂತ."